ಅತ್ತೆಯ ಹಲ್ಲಿನ ಸೆಟ್ಟೂ ಅಳಿಯನ ಸೈಟೇಷನ್ನೂ

ಪಾಚಿ ಮೇಷ್ಟ್ರ ಜೀವಮಾನದ ಸಂಶೋಧನೆಯನ್ನು ಡೀನ್ ಸಾಹೇಬರು ಕರವಸ್ತ್ರದಿಂದ ಒರೆಸಿದರು. ಅಲಂಕಾರಕ್ಕೆ ಹೇಳುವ ಮಾತಲ್ಲ. ತುಂಬಿದ ಸಭೆಯಲ್ಲಿ, ಸಕಲ ಪ್ರಾಧ್ಯಾಪಕರ ಸಮ್ಮುಖದಲ್ಲಿ, ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಒರೆಸಿದರು.

ಆದದ್ದಿಷ್ಟು. ವಿಶ್ವವಿದ್ಯಾಲಯದಲ್ಲಿ ಯಾರು ಎಷ್ಟು ಲೇಖನ ಬರೆದಿದ್ದಾರೆ, ಆ ಲೇಖನಗಳನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ (ಇದಕ್ಕೆ ಸೈಟೇಷನ್ ಎನ್ನುತ್ತಾರೆ) ಎಂಬುದನ್ನೆಲ್ಲ ಲೆಕ್ಕ ಹಾಕಿ, ಡೀನ್ ಸಾಹೇಬರು ಗೋಡೆಯ ಮೇಲಿನ ದೊಡ್ಡ ಟೀವಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಗುಂಡು ಬರೆಸಿದ್ದರು. ಹೆಸರಿಸಿದವರು ಹೆಚ್ಚಿದಷ್ಟೂ ಗುಂಡು ದೊಡ್ಡದು. ಹೃದಯದ ಡಾಕ್ಟರ ಗುಂಡು ಕುಂಬಳಕಾಯಿಯಂತೆ ನಡುಮಧ್ಯೆ ಕೂತಿತ್ತು. ರಸಾಯನಶಾಸ್ತ್ರದವರದು ಕಿತ್ತಳೆ. ಗಣಿತದವರದು ಬಟಾಣಿ. ಕೆಳಗೆ, ಸಸ್ಯಶಾಸ್ತ್ರದ ಮೂಲೆಯಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಹಸಿರು ಚುಕ್ಕೆ.

"ಇದೇನಿದು, ನೊಣ ಕೂತಿತ್ತಾ?" ಎಂದು ಡೀನ್ ಸಾಹೇಬರು ಒರೆಸಿದರು. ಹೋಗಲಿಲ್ಲ. 'ಹಾ' ಎಂದು ಉಸಿರುಬಿಟ್ಟು ಇನ್ನೊಮ್ಮೆ ಉಜ್ಜಿದರು.

ಹಿಂದಿನ ಸಾಲಿನಿಂದ ಪಾಚಿ ಮೇಷ್ಟ್ರು ಎದ್ದು ನಿಂತರು. "ಸಾರ್, ಅದು ನಾನು."

ಸಭೆ ನಕ್ಕಿತು. ಹೃದಯದ ಡಾಕ್ಟರಂತೂ ಎದೆ ಹಿಡಿದುಕೊಂಡು ನಕ್ಕರು. ಡೀನ್ ಸಾಹೇಬರು ಮಾತ್ರ ನಗಲಿಲ್ಲ. ಕರವಸ್ತ್ರ ಮಡಿಸುತ್ತ, "ಪರೀಕ್ಷೆ ಮುಗಿಯೋದ್ರೊಳಗೆ ಯಾರ ಗುಂಡು ಬೆಳೆಯಲ್ವೋ ಅವ್ರ ಕೊಠಡಿ ತೆರವು ಮಾಡಿಸ್ತೀವಿ. ಗುಂಡುಗಳ ಲೆಕ್ಕ ಹಾಕೋ ಕಚೇರಿಗೇ ಜಾಗ ಸಾಲ್ತಿಲ್ಲ" ಎಂದು ಘೋಷಿಸಿದರು.

ಪಾಚಿ ಮೇಷ್ಟ್ರಿಗೂ ಅಂಥದೊಂದು ಕೊಠಡಿಯಿತ್ತು. ಆ ಕೊಠಡಿಯಲ್ಲಿ ಬೇರೆಯವರು ನೋಡಿದರೆ ಏನೂ ಇರಲಿಲ್ಲ. ಉತ್ತರಕ್ಕೊಂದು ಕಿಟಕಿ, ಸದಾ ತೇವ ಆರದ ಒಂದು ಗೋಡೆ, ಗೋಡೆಯ ತುಂಬ ಪಾಚಿ. ಆದರೆ ಮೇಷ್ಟ್ರು ಆ ಪಾಚಿಯನ್ನು ಕೆಲಸಕ್ಕೆ ಸೇರಿದಂದಿನಿಂದ ನೋಡುತ್ತ ಬಂದವರು. ಯಾವುದು ಎಲ್ಲಿ ಹುಟ್ಟಿತು, ಯಾವುದು ಯಾರನ್ನು ಒತ್ತರಿಸಿ ಮೇಲೆ ಹತ್ತಿತು, ಯಾವುದು ಬೇಸಿಗೆಯಲ್ಲಿ ಸತ್ತಂತೆ ನಟಿಸುತ್ತದೆ ಎಂಬುದೆಲ್ಲ ಅವರಿಗೆ ಮನೆಮಂದಿಯ ಸುದ್ದಿಯಷ್ಟು ಗೊತ್ತು. (ಮನೆಮಂದಿಯ ಸುದ್ದಿ ಅಷ್ಟು ಗೊತ್ತಿರಲಿಲ್ಲವೆಂದು ಅವರ ಹೆಂಡತಿ ಹೇಳುವುದುಂಟು.)

ಹೆಂಡತಿ ಹಲ್ಲಿನ ಡಾಕ್ಟರು. ಮನೆಯ ಕೆಳಗಡೆಯೇ ಕ್ಲಿನಿಕ್ಕು. ಗೋಡೆಯ ಪಾಚಿಯನ್ನು ಗಂಡ ಬಾಟಲಿಗಳಲ್ಲಿ ತಂದು ಬಚ್ಚಲುಮನೆಯ ಕಿಟಕಿಯಲ್ಲೂ ಮುದ್ದಿನಿಂದ ಸಾಕುವುದು, ಹಲ್ಲಿನ ಪಾಚಿಯನ್ನು ಹೆಂಡತಿ ನಿರ್ದಾಕ್ಷಿಣ್ಯವಾಗಿ ಕೆರೆಯುವುದು. ಸಂಸಾರ ಸಾಗುತ್ತಿದ್ದದ್ದು ಎರಡನೆಯ ಪಾಚಿಯಿಂದ. ಜೊತೆಗೆ ಹೆಂಡತಿಯ ತಾಯಿ ಇದ್ದರು. ಅವರು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬರುವ ಹೋಗುವ ರೈಲುಗಳನ್ನು ಘೋಷಿಸುತ್ತಿದ್ದವರು. ಈಗ ಕೆಲಸದಿಂದ ನಿವೃತ್ತರು. ಘೋಷಣೆಯಿಂದ ಅಲ್ಲ.

ಅಂದು ಸಂಜೆ ಮೇಷ್ಟ್ರು ಬಂದ ಮುಖ ನೋಡಿಯೇ ಅತ್ತೆ ಘೋಷಿಸಿದರು. "ಅಳಿಯಂದ್ರು ಬಂದ್ರು. ಮುಖ ಸಪ್ಪಗಿದೆ. ಕಾಫಿ ಸ್ವಲ್ಪ ತಡವಾಗುತ್ತೆ."

ಮೇಷ್ಟ್ರು ಕರವಸ್ತ್ರದ ಕಥೆ ಹೇಳಿಕೊಂಡರು. ಹೆಂಡತಿ ಕೈಗವಸು ಬಿಚ್ಚುತ್ತ ಕೇಳಿಸಿಕೊಂಡರು.

"ಅಲ್ಲಾ ರೀ, ಪ್ರಪಂಚದಲ್ಲಿ ಪಾಚಿ ಓದೋ ಪಂಡಿತರು ಎಷ್ಟು ಜನ ಇದ್ದಾರೆ?"

"ಎಲ್ಲಾ ಸೇರಿದ್ರೆ ಒಂದು ಬಸ್ಸು ತುಂಬಬಹುದು."

"ಅವ್ರಾದ್ರೂ ನಿಮ್ಮ ಹೆಸರು ಹೇಳ್ಬಾರ್ದಾ?"

"ಅರ್ಧ ಬಸ್ಸಿಗೂ ಇನ್ನರ್ಧ ಬಸ್ಸಿಗೂ ಮಾತಿಲ್ಲ ಕಣೇ."

"ಮತ್ತೆ ನಿಮ್ಮನ್ನ ಯಾರು ಹೆಸರಿಸಿದ್ದು ಇಷ್ಟು ವರ್ಷ?"

ಮೇಷ್ಟ್ರು ಕಾಫಿ ಲೋಟದೊಳಗೆ ನೋಡಿದರು. "ಹೆಚ್ಚಾಗಿ ನಾನೇ."

ಹೆಂಡತಿಗೆ ಪಾಪ ಅನಿಸಿತು. "ಅದಕ್ಯಾಕೆ ಬೇಜಾರು? ಹೃದಯದ ಡಾಕ್ಟ್ರು ಸೀನಿದ್ರೂ ನೂರು ಜನ ಹೆಸರಿಸ್ತಾರೆ. ಯಾಕಂದ್ರೆ ಆ ವಿಷಯದಲ್ಲಿ ಬರೆಯೋರೇ ಲಕ್ಷ ಜನ. ನಮ್ಮ ಹಲ್ಲಿನ ಕಡೆ ನೋಡಿ, ಒಂದೊಂದು ದವಡೆಗೂ ಸಾವಿರ ಜನ ಜೋತುಬಿದ್ದಿದ್ದಾರೆ. ನಿಮ್ಮದು ಬೇರೆ, ಅವ್ರದು ಬೇರೆ. ಕಟ್ಟಿಗೆ ತೂಗೋ ತಕ್ಕಡೀಲಿ ಕೇಸರಿ ತೂಗಿದ್ರೆ ಮುಳ್ಳು ಅಲ್ಲಾಡುತ್ತಾ?"

ಎಷ್ಟು ಸಮಾಧಾನದ ಮಾತು! ಆದರೆ ಗಂಡಂದಿರು ಹೆಂಡತಿಯ ಮಾತಿನಲ್ಲಿ ತಮಗೆ ಬೇಕಾದ ಎರಡೇ ಪದ ಹೆಕ್ಕಿಕೊಳ್ಳುತ್ತಾರೆ. ಮೇಷ್ಟ್ರು ಹೆಕ್ಕಿಕೊಂಡದ್ದು 'ಹಲ್ಲಿನ ಕಡೆ' ಎಂಬುದನ್ನು.

ಮರುದಿನ ಬೆಳಿಗ್ಗೆ ಅತ್ತೆ ಬೇಸಿನ್ನಿನ ಮುಂದೆ ನಿಂತು ತಮ್ಮ ಹಲ್ಲಿನ ಸೆಟ್ಟನ್ನು ತೊಳೆಯುತ್ತಿದ್ದರು. ಹಿಂದೆ ಬ್ರಷ್ಷು ಹಿಡಿದು ಕಾಯುತ್ತಿದ್ದ ಮೇಷ್ಟ್ರಿಗೆ ಮೇಲಿನ ಸಾಲಿನ ಅಂಚಿನಲ್ಲಿ ಏನೋ ಕಂಡಿತು. ತಿಳಿಹಸಿರು. ಬೇರೆಯವರಾಗಿದ್ದರೆ ಮುಖ ಕಿವಿಚುತ್ತಿದ್ದರು. ಮೇಷ್ಟ್ರಿಗೆ ರೋಮಾಂಚನವಾಯಿತು.

"ಅತ್ತೆ, ಒಂದು ನಿಮಿಷ ಆ ಹಲ್ಲು ಕೊಡ್ತೀರಾ?"

"ಯಾಕ್ರೀ, ನಿಮ್ ಹಲ್ಲಿಗೇನಾಯ್ತು?" (ಸೆಟ್ಟು ಕೈಯಲ್ಲಿದ್ದದ್ದರಿಂದ ಇದು 'ಫಲ್ಲಿಗೇನಾಯ್ಫು' ಎಂದು ಕೇಳಿಸಿತು.)

"ವಿಜ್ಞಾನಕ್ಕೆ ಅತ್ತೆ, ವಿಜ್ಞಾನಕ್ಕೆ."

"ವಿಜ್ಞಾನ ಬ್ರೆಡ್ಡು ಅಗಿಯುತ್ತಾ? ನಾನಿನ್ನೂ ತಿಂಡಿ ತಿಂದಿಲ್ಲ."

ಕೊನೆಗೆ ಒಪ್ಪಂದವಾಯಿತು. ಮೂರು ದಿನ ಹಲ್ಲು ಮೇಷ್ಟ್ರಿಗೆ. ಅಷ್ಟೂ ದಿನ ಅತ್ತೆಗೆ ಗಂಜಿ. ಏನಾದರೂ ಹೊಸದು ಸಿಕ್ಕಿದರೆ ಅದಕ್ಕೆ ಅತ್ತೆಯ ಹೆಸರು.

ಸೂಕ್ಷ್ಮದರ್ಶಕದಡಿಯಲ್ಲಿ ಸಿಕ್ಕಿದ್ದು ಹಸಿರು ಪಾಚಿಯೇ. ಆದರೆ ಮೇಷ್ಟ್ರು ಅಂಥ ಆಕಾರವನ್ನು ಎಂದೂ ಕಂಡಿರಲಿಲ್ಲ. ದುಂಡಗೆ ಊದಿಕೊಂಡು, ಬಣ್ಣ ಅಲ್ಲಲ್ಲಿ ಬಿಳಿಚಿಕೊಂಡು, ಏನೋ ಅವಮಾನವಾದಂತೆ ಮುದುಡಿತ್ತು. ಮನುಷ್ಯನ ಬಾಯಲ್ಲಿ ಬೆಳೆಯುವ ಪಾಚಿ! ಸಸ್ಯಶಾಸ್ತ್ರಕ್ಕೂ ದಂತವೈದ್ಯಕೀಯಕ್ಕೂ ಸೇತುವೆ! ಮೇಷ್ಟ್ರು ಕೊಠಡಿಯಲ್ಲಿ ಒಬ್ಬರೇ ಒಂದು ಸುತ್ತು ಕುಣಿದು, ಅತ್ತೆಯ ಹೆಸರಿಗೆ ಲ್ಯಾಟಿನ್ನಿನ ಬಾಲ ಅಂಟಿಸಿ ನಾಮಕರಣ ಮಾಡಿಯೇಬಿಟ್ಟರು.

ಹೆಂಡತಿ ಮಾತ್ರ ಒಪ್ಪಲಿಲ್ಲ. "ಬಾಯೊಳಗೆ ಬೆಳಕೇ ಇರಲ್ಲ. ಬೆಳಕಿಲ್ದೆ ಹಸಿರು ಪಾಚಿ ಹೇಗ್ರೀ ಬೆಳೆಯುತ್ತೆ?"

"ನಿಮ್ಮಮ್ಮ ಬಾಯಿ ಮುಚ್ಚಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ದೀಯಾ?"

ಹೆಂಡತಿಗೆ ನಗು ಬಂತು. ನಕ್ಕದ್ದೇ ತಪ್ಪಾಯಿತು. ತಮಾಷೆಗೆ ಆಡಿದ ಮಾತು ಮೇಷ್ಟ್ರ ತಲೆಯಲ್ಲಿ ಸಿದ್ಧಾಂತವಾಗಿ ಕೂತಿತು. ಲೇಖನದಲ್ಲಿ ಗಂಭೀರವಾಗಿ ಬರೆದರು: 'ಸದರಿ ವೃದ್ಧೆಯ ಬಾಯಿ ಎಚ್ಚರವಿರುವಷ್ಟು ಹೊತ್ತೂ ಬಹುತೇಕ ತೆರೆದೇ ಇರುವುದರಿಂದ, ಪಾಚಿಯ ಬೆಳವಣಿಗೆಗೆ ಬೇಕಾದ ಬೆಳಕು ಧಾರಾಳವಾಗಿ ಲಭ್ಯವಿರುತ್ತದೆ.'

"ನನ್ನ ಹೆಸರು ಎಲ್ಲೂ ಹಾಕ್ಬೇಡಿ. ನನಗೆ ನಾಳೆಯೂ ಪೇಷೆಂಟ್‌ಗಳು ಬರ್ಬೇಕು" ಎಂದರು ಹೆಂಡತಿ.

ಲೇಖನ ಒಂದು ದಂತವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಹದಿನೈದು ದಿನ ಸದ್ದಿಲ್ಲ. ಆಮೇಲೆ ಶುರುವಾಯಿತು ನೋಡಿ! ಒಂದು, ಏಳು, ಮೂವತ್ತು, ನೂರು. ಅವರನ್ನು ಹೆಸರಿಸಿ ಹೆಸರಿಸಿ ಜಗತ್ತೇ ಬರೆಯತೊಡಗಿತು. ಹಾಲು ಉಕ್ಕುತ್ತದೇನೋ ಎಂದು ಇಣುಕುವವರಂತೆ ಮೇಷ್ಟ್ರು ಗಳಿಗೆಗೊಮ್ಮೆ ಫೋನು ತೆಗೆದು ಅಂಕಿ ನೋಡುವರು. ಯಾರು ಬರೆದರು, ಏನು ಬರೆದರು ಎಂದು ಓದುವ ತಾಳ್ಮೆ ಅವರಿಗಿರಲಿಲ್ಲ. ಮನೆ ಮುಂದೆ ಜನ ಸೇರಿದ್ದಾರೆಂಬುದೇ ಸಾಕು, ಹಾಡಲು ಬಂದರೋ ಹೊಡೆಯಲು ಬಂದರೋ ಎಂದು ಕೇಳುವವರು ಯಾರು?

ಸಾಸಿವೆ ನಿಂಬೆಯಾಯಿತು, ನಿಂಬೆ ಕಿತ್ತಳೆಯನ್ನು ಹಿಂದಿಕ್ಕಿತು. ಗಣಿತದವರು ಎದುರು ಸಿಕ್ಕಾಗ ದಾರಿ ಬಿಟ್ಟರು. ಹೃದಯದ ಡಾಕ್ಟರು ಕ್ಯಾಂಟೀನಿನಲ್ಲಿ ತಾವೇ ಎದ್ದು ಕುರ್ಚಿ ಎಳೆದುಕೊಟ್ಟರು. ಮೇಷ್ಟ್ರ ನಡಿಗೆ ಬದಲಾಯಿತು. ಮನೆಯಲ್ಲಿ ಮಾತೂ ಬದಲಾಯಿತು.

"ರೀ, ಅಡುಗೆಮನೆ ನಲ್ಲಿ ಸೋರ್ತಿದೆ."

"ಇದನ್ನ ಹೋದ ವಾರ ನಾನೇ ಮೊದಲು ಹೇಳಿದ್ದೆ. ನನ್ನ ಹೆಸರು ಹೇಳಿ ಆಮೇಲೆ ಹೇಳಬೇಕಿತ್ತು ನೀನು."

ಹೆಂಡತಿ ಸ್ಪ್ಯಾನರ್ ತಂದು ಗಂಡನ ಕೈಗಿಟ್ಟರು. "ಮೊದಲು ಹೇಳಿದೋರೇ ಮೊದಲು ರಿಪೇರಿ ಮಾಡಿ."

ಪರೀಕ್ಷೆ ಮುಗಿದ ವಾರ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಸನ್ಮಾನ. 'ಶಾಸ್ತ್ರಗಳ ಗಡಿ ದಾಟಿದ ಮಹಾ ಸಂಶೋಧಕ' ಎಂಬ ಫಲಕ. ಕುಟುಂಬಸಮೇತ ಬರಬೇಕೆಂಬ ಆಹ್ವಾನ. ಅತ್ತೆ ಬೆಳಿಗ್ಗೆಯೇ ಸಿದ್ಧರಾಗಿ, ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು, ಅಕ್ಕಪಕ್ಕದವರಿಗೆಲ್ಲ "ಪಾಚಿಗೆ ನನ್ನ ಹೆಸರೇ ಇಟ್ಟಿರೋದು" ಎಂದು ತಿಳಿಸಿ ಮುಗಿಸಿದ್ದರು. ಲೇಖನದಲ್ಲಿ ಏನಿದೆ ಎಂಬುದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಮೇಷ್ಟ್ರಿಗೆ ಅಷ್ಟರಮಟ್ಟಿಗೆ ಲೋಕಜ್ಞಾನವಿತ್ತು.

ಡೀನ್ ಸಾಹೇಬರಿಗೆ ಇರಲಿಲ್ಲ. ಅವರು ಹೊಗಳುವ ಉತ್ಸಾಹದಲ್ಲಿ ಲೇಖನವನ್ನೇ ಕೈಗೆತ್ತಿಕೊಂಡರು. "ಎಂಥಾ ಸೂಕ್ಷ್ಮ ಅವಲೋಕನ ನೋಡಿ! 'ಸದರಿ ವೃದ್ಧೆಯ ಬಾಯಿ ಎಚ್ಚರವಿರುವಷ್ಟು ಹೊತ್ತೂ ಬಹುತೇಕ ತೆರೆದೇ ಇರುವುದರಿಂದ...'"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಏನಂದ್ರಿ?"

ಆ ದನಿಗೆ ಮೈಕು ಬೇಕಾಗಿರಲಿಲ್ಲ. ಒಂದು ಕಾಲದಲ್ಲಿ ನಾಲ್ಕು ಪ್ಲಾಟ್‌ಫಾರ್ಮುಗಳನ್ನು ಏಕಕಾಲಕ್ಕೆ ಆಳಿದ ದನಿ ಅದು. ಅತ್ತೆ ಎದ್ದು ನಿಂತಿದ್ದರು.

"ಯಾರ ಬಾಯಿ ತೆರೆದಿರೋದು? ಅಳಿಯಂದ್ರೇ, ಇದನ್ನ ಬರೆದು ಊರಿಗೆಲ್ಲಾ ಹಂಚಿದ್ರಾ? ಮೂರು ದಿನ ಗಂಜಿ ಕುಡಿದು ಹಲ್ಲು ಕೊಟ್ಟಿದ್ದಕ್ಕೆ ಇದಾ ಮರ್ಯಾದೆ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ! ನನ್ನ ಬಾಯಲ್ಲಿ ಯಾವ ಪಾಚೀನೂ ಬೆಳೆದಿಲ್ಲ. ನನ್ನ ಹಲ್ಲಿನ ಲೋಟ ಒಡೆದುಹೋಗಿತ್ತು. ಮಗಳು ಬೈತಾಳೆ ಅಂತ, ಬಚ್ಚಲುಮನೆ ಕಿಟಕೀಲಿ ನೀವು ಸಾಲಾಗಿ ಇಟ್ಟಿದ್ರಲ್ಲ ಗಾಜಿನ ಬಾಟ್ಲಿ, ಅದ್ರಲ್ಲೊಂದು ತಗೊಂಡು, ಆ ಕೊಳೆ ನೀರು ಚೆಲ್ಲಿ, ಹಲ್ಲು ತೊಳೆಯೋ ಪುಡಿ ಹಾಕಿ, ಸೆಟ್ಟು ಅದ್ರಲ್ಲಿಡ್ತಿದ್ದೆ. ನಿಮ್ಮ ಪಾಚೀನೇ ನನ್ನ ಹಲ್ಲಿಗೆ ಹತ್ತಿರೋದು!"

ಕೊಳೆ ನೀರು! ಮೇಷ್ಟ್ರು ಆರು ವರ್ಷ ಸಾಕಿದ ಪಾಚಿ ಅದು. ಹಲ್ಲಿನ ಪುಡಿಯ ಉರಿಗೆ ಮುಖ ಊದಿಸಿಕೊಂಡು ಕೂತಿದ್ದ ಹಳೆಯ ಗೆಳೆಯನನ್ನು ಗುರುತು ಹಿಡಿಯದೆ, ಅದಕ್ಕೆ ಅತ್ತೆಯ ಹೆಸರಿಟ್ಟು ಹೊಸದಾಗಿ ಪರಿಚಯ ಮಾಡಿಕೊಂಡಿದ್ದರು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮೇಷ್ಟ್ರು ಮೆಲ್ಲಗೆ ವೇದಿಕೆ ಇಳಿದರು. ಡೀನ್ ಸಾಹೇಬರು ಒಮ್ಮೆ ಕೆಮ್ಮಿ, "ಈಗ ಉಪಾಹಾರ" ಎಂದರು.

ಮನೆಗೆ ಬಂದ ಮೇಲೆ ಹೆಂಡತಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರು. "ನಿಮ್ಮನ್ನ ಹೆಸರಿಸಿದೋರು ಏನು ಬರೆದಿದ್ದಾರೆ ಅಂತ ಒಂದಾದ್ರೂ ಓದಿದ್ದೀರಾ?"

"ಅಷ್ಟೊಂದು ಇದ್ವಲ್ಲ, ಎಲ್ಲಿಂದ ಓದ್ಲಿ?"

"ಕೇಳಿ. 'ಬಾಯಿಯೊಳಗೆ ತೋಟಗಾರಿಕೆ ಮಾಡಹೊರಟ ಈ ಲೇಖನವನ್ನು ನಾವು ನಗು ತಡೆಯಲಾರದೆ ಓದಿದೆವು.' ಇದು ಒಂದು. 'ಮಾದರಿ ಸಂಗ್ರಹಿಸುವಾಗ ಏನು ಮಾಡಬಾರದೆಂದು ವಿದ್ಯಾರ್ಥಿಗಳಿಗೆ ತಿಳಿಸಲು ಇದಕ್ಕಿಂತ ಉತ್ತಮ ಉದಾಹರಣೆಯಿಲ್ಲ.' ಇದು ಇನ್ನೊಂದು. ಇವರು ನೋಡಿ, ಬರೀ 'ಅಯ್ಯೋ' ಅಂತ ಬರೆದು ನಿಮ್ಮ ಹೆಸರು ಹಾಕಿದ್ದಾರೆ."

ಮೇಷ್ಟ್ರು ಕೈಚಾಚಿ ಲ್ಯಾಪ್‌ಟಾಪ್ ಮುಚ್ಚಿದರು. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆಯಿಲ್ಲ ಎನ್ನುತ್ತಾರೆ. ಅವರಿಗೆ ಹಲ್ಲೂ ಸಿಕ್ಕಿತ್ತು, ಕಡಲೆಯೂ ಸಿಕ್ಕಿತ್ತು, ಎರಡೂ ಬೇರೆಯವರದು.

"ಕೆಳಗೆ ಕ್ಲಿನಿಕ್ಕಲ್ಲೂ ಕೇಳ್ತಿದ್ದಾರೆ, 'ಡಾಕ್ಟ್ರೇ, ನಿಮ್ಮಮ್ಮನ ಬಾಯಲ್ಲಿ ಗಿಡ ಬೆಳೆಯುತ್ತಂತೆ' ಅಂತ" ಎಂದರು ಹೆಂಡತಿ, ಈಗ ಮೆತ್ತಗೆ. "ರೀ, ಕೆಟ್ಟ ಹಲ್ಲನ್ನ ಕಿತ್ತುಹಾಕದೆ ಬೇರೆ ದಾರಿಯಿಲ್ಲ."

ಮರುದಿನ ಮೇಷ್ಟ್ರು ಡೀನ್ ಸಾಹೇಬರ ಮುಂದೆ ನಿಂತು ಲೇಖನ ಹಿಂದಕ್ಕೆ ಪಡೆಯುವುದಾಗಿ ಹೇಳಿದರು. ಡೀನ್ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

"ನಿಮಗೆ ಹುಚ್ಚಾ? ನಿಮ್ಮ ಒಂದು ಲೇಖನದಿಂದ ನಮ್ಮ ವಿಶ್ವವಿದ್ಯಾಲಯದ ಸ್ಥಾನ ಎಷ್ಟು ಮೇಲೆ ಹೋಗಿದೆ ಗೊತ್ತಾ?"

"ಸಾರ್, ಎಲ್ರೂ ಬೈದಿದ್ದಾರೆ."

"ಬೈಗುಳ ಅಲ್ಲ ಮೇಷ್ಟ್ರೇ, ಉಲ್ಲೇಖ."

"ಅಳಿಯ ಅಲ್ಲ, ಮಗಳ ಗಂಡ ಅಂದಹಾಗಾಯ್ತು ಸಾರ್."

"ಅಂದ್ಕೊಳ್ಳಿ. ಯಂತ್ರಕ್ಕೆ ಬೈಗುಳ ಹೊಗಳಿಕೆ ಅಂತ ಭೇದ ಇಲ್ಲ. ನನಗೂ ಇಲ್ಲ. ಲೇಖನ ವಾಪಸ್ ತಗೊಂಡ್ರೆ ಕೊಠಡೀನೂ ವಾಪಸ್ ಕೊಡಿ."

ಮೇಷ್ಟ್ರು ಕೊಠಡಿಗೆ ಹೋದರು. ತೇವದ ಗೋಡೆಯ ಮುಂದೆ ಸ್ಟೂಲು ಎಳೆದುಕೊಂಡು ಬಹಳ ಹೊತ್ತು ಕೂತರು. ಮೂಲೆಯಲ್ಲಿ ಹೋದ ಮಳೆಗಾಲದಲ್ಲಿ ಹುಟ್ಟಿದ ಒಂದು ಕರಿಹಸಿರು ತೇಪೆ ಈಗ ಅಂಗೈಯಗಲ ಆಗಿತ್ತು. ಅದರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ, ಅದು ಬೆಳೆಯುವುದನ್ನೂ ಬಿಟ್ಟಿರಲಿಲ್ಲ. ಮೇಷ್ಟ್ರು ಅದನ್ನು ಒಮ್ಮೆ ಬೆರಳ ತುದಿಯಿಂದ ಮುಟ್ಟಿದರು. ಆಮೇಲೆ ಪತ್ರಿಕೆಯ ಸಂಪಾದಕರಿಗೆ 'ತಪ್ಪು ನನ್ನದು, ಲೇಖನ ಹಿಂತೆಗೆದುಕೊಳ್ಳುತ್ತೇನೆ' ಎಂದು ಬರೆದು ಕಳಿಸಿದರು. ಸಂಜೆ ಮನೆಗೆ ಬಂದು ಅತ್ತೆಯ ಮುಂದೆ ನಿಂತು ಕ್ಷಮೆಯನ್ನೂ ಕೇಳಿದರು.

ಅತ್ತೆ ಕ್ಷಮಿಸಿದರು. ಆದರೆ, "ಊರಿಗೆಲ್ಲಾ ಹೇಳಿದ್ದನ್ನ ಮನೇಲಿ ವಾಪಸ್ ತಗೊಂಡ್ರೆ ಆಗಲ್ಲ. ನಾನೂ ಬರೀತೀನಿ" ಎಂದರು. ಮಗಳು ಟೈಪು ಮಾಡಿದರು. ಪತ್ರ ಪುಟ್ಟದು. 'ಹಲ್ಲು ನನ್ನದು. ಬಾಟಲಿ ಅಳಿಯನದು. ಬಾಟಲಿಯ ಮೇಲೆ ಚೀಟಿ ಅಂಟಿಸಿರಲಿಲ್ಲ. ನನ್ನ ಬಾಯಿ ಬೇಕಾದಾಗ ಮುಚ್ಚುತ್ತದೆ.'

ಸಂಪಾದಕರಿಗೆ ಏನನಿಸಿತೋ, ಅದನ್ನು ಹಾಗೆಯೇ ಅಚ್ಚುಮಾಡಿದರು.

ಮುಂದಿನದನ್ನು ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ನೋಡಬೇಕಾಯಿತು. ಹಲ್ಲಿನವರು ಆ ಪತ್ರವನ್ನು ಹೆಸರಿಸಿದರು. ಸಸ್ಯಶಾಸ್ತ್ರದವರು ಹೆಸರಿಸಿದರು (ಬಸ್ಸಿನ ಎರಡೂ ಕಡೆಯವರು, ಇತಿಹಾಸದಲ್ಲಿ ಮೊದಲ ಬಾರಿಗೆ ಒಟ್ಟಾಗಿ). ಪ್ರಯೋಗಾಲಯದ ಶಿಸ್ತಿನ ಬಗ್ಗೆ ಬರೆಯುವವರು ಮೂರನೆಯ ವಾಕ್ಯವನ್ನು ಹಿಡಿದುಕೊಂಡರು. ಕಾನೂನಿನವರಿಗೆ ಮೊದಲೆರಡು ಸಾಕಾದವು. ವೃದ್ಧರ ಘನತೆಯ ಬಗ್ಗೆ ಬರೆಯುವವರಿಗೆ ಕೊನೆಯ ವಾಕ್ಯ ಮಂತ್ರವಾಯಿತು. ಹೃದಯದ ಡಾಕ್ಟರು ಕೂಡ, ಹೇಗೋ ಸಂಬಂಧ ಕಲ್ಪಿಸಿ, ಒಂದು ಕಡೆ ಹೆಸರಿಸಿದರು. ಅಷ್ಟು ಶಾಸ್ತ್ರಗಳನ್ನು ಒಟ್ಟಿಗೆ ದಾಟಿದ ಬರಹ ವಿಶ್ವವಿದ್ಯಾಲಯದಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಡೀನ್ ಸಾಹೇಬರು ಒಂದು ಹೂಗುಚ್ಛ ಹಿಡಿದು ಮನೆಗೇ ಬಂದರು. ಮೇಷ್ಟ್ರು ಕೈ ಚಾಚಿದರು. ಹೂಗುಚ್ಛ ಅವರನ್ನು ದಾಟಿಕೊಂಡು ಅತ್ತೆಯ ಕೈ ಸೇರಿತು.

"ಅಮ್ಮಾ, ನಿಮ್ಮ ಹೆಸರಿನ ಕೆಳಗೆ ನಮ್ಮ ವಿಶ್ವವಿದ್ಯಾಲಯದ ವಿಳಾಸ ಹಾಕ್ಕೊಳ್ಳಿ. ಅಷ್ಟು ಸಾಕು. ಗೌರವ ಸಂಶೋಧಕಿ ಅಂತ ಮಾಡ್ತೀವಿ. ಒಂದು ಕೊಠಡೀನೂ ಇದೆ, ಈಗಷ್ಟೇ ಖಾಲಿಯಾಗಿದೆ. ಉತ್ತರಕ್ಕೆ ಕಿಟಕಿ."

"ಗಾಳಿ ಬರುತ್ತಾ?" ಎಂದು ಕೇಳಿದರು ಅತ್ತೆ.

ಸೋಮವಾರ ಅತ್ತೆ ಫ್ಲಾಸ್ಕು, ಕುರ್ಚಿ ದಿಂಬು, ಸಣ್ಣದೊಂದು ರೇಡಿಯೋ ಸಮೇತ ಕೊಠಡಿ ಪ್ರವೇಶ ಮಾಡಿದರು. ಸಾಮಾನು ಹೊತ್ತು ತಂದವರು ಮೇಷ್ಟ್ರು. ಅತ್ತೆ ಸುತ್ತ ನೋಡಿ ಮೂಗು ಮುಚ್ಚಿಕೊಂಡರು.

"ಶಿವನೇ, ಏನು ಪಾಚಿ ಕಟ್ಟಿದೆ ಈ ಗೋಡೆ! ನಾಳೇನೇ ಯಾರನ್ನಾದ್ರೂ ಕರೆಸಿ ತಿಕ್ಕಿಸಿ, ಸುಣ್ಣ ಹೊಡೆಸಿಬಿಡೋಣ."

"ಅತ್ತೆ!" ಮೇಷ್ಟ್ರು ಗೋಡೆಗೆ ಬೆನ್ನುಕೊಟ್ಟು ಎರಡೂ ಕೈ ಚಾಚಿ ನಿಂತರು. ಅಷ್ಟು ಆರ್ತವಾದ ದನಿ ಅವರಿಂದ ಹೊರಟದ್ದನ್ನು ಮದುವೆಯಾದಾಗಿನಿಂದ ಅತ್ತೆ ಕೇಳಿರಲಿಲ್ಲ. "ದಯವಿಟ್ಟು ಇದನ್ನ ಮಾತ್ರ ಮುಟ್ಟಬೇಡಿ. ಏನು ಬೇಕಾದ್ರೂ ಮಾಡ್ತೀನಿ."

ಅತ್ತೆ ಅಳಿಯನನ್ನೂ ಗೋಡೆಯನ್ನೂ ಒಂದೆರಡು ಸಲ ನೋಡಿದರು. "ಟೈಪು ಬರುತ್ತಲ್ಲಾ ನಿಮಗೆ?"

"ಬರುತ್ತೆ."

"ಹಾಗಾದ್ರೆ ಕೂತ್ಕೊಳ್ಳಿ. ಬಾಟ್ಲಿಗೆ ಚೀಟಿ ಹೇಗೆ ಅಂಟಿಸಬೇಕು ಅಂತ ನನ್ನ ಎರಡನೇ ಲೇಖನ. ನಾನು ಹೇಳ್ತೀನಿ, ನೀವು ಹೊಡೀತಾ ಹೋಗಿ."

ಗೋಡೆ ಉಳಿಯಿತು. ಮೇಷ್ಟ್ರು ಟೈಪು ಮಾಡುತ್ತ ಹೋದರು. ಅಲ್ಲಲ್ಲಿ ವಾಕ್ಯ ತಿದ್ದಿದರು, ತಪ್ಪಿದ್ದ ಕಡೆ ಸರಿ ಮಾಡಿದರು, ಒಂದಿಡೀ ಭಾಗವನ್ನು ತಾವೇ ಹೊಸದಾಗಿ ಬರೆದರು. ಮುಗಿದ ಮೇಲೆ ಸಂಕೋಚದಿಂದ ಕೇಳಿದರು. "ಅತ್ತೆ, ಲೇಖಕರ ಜಾಗದಲ್ಲಿ ನನ್ನ ಹೆಸರೂ ಒಂದು...?"

"ಛೆ ಛೆ, ಆಗಲೇ ಒಂದು ಸಲ ಹಾಕಿಸ್ಕೊಂಡು ಏನಾಯ್ತು ನೋಡಿದ್ರಲ್ಲ. ಕೊನೇಲಿ ಕೃತಜ್ಞತೆ ಅಂತ ಹಾಕೋಣ."

ಕೃತಜ್ಞತೆಯನ್ನು ಯಾವ ಯಂತ್ರವೂ ಎಣಿಸುವುದಿಲ್ಲ, ಅದರಿಂದ ಯಾರ ಗುಂಡೂ ಸಾಸಿವೆಯಷ್ಟೂ ಊದುವುದಿಲ್ಲ ಎಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಚ್ಚಿನಲ್ಲಿ ಎಲ್ಲಾದರೂ ಒಂದು ಕಡೆ ಇರಲಿ ಎಂದು, ಕೊನೆಯ ಸಾಲಿನಲ್ಲಿ ಹೊಡೆದರು: 'ಬೆರಳಚ್ಚು ಮಾಡಿಕೊಟ್ಟ ಅಳಿಯನಿಗೆ ಕೃತಜ್ಞತೆಗಳು.'

ಅತ್ತೆ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿ ಓದಿದರು.

"ಕೃತಜ್ಞತೆ'ಗಳು' ಯಾಕೆ ಅಳಿಯಂದ್ರೇ? ಅಷ್ಟೊಂದು ಬೇಡ. ಒಂದು ಸಾಕು."